ಎರಡನೆಯ ಸಹಿ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಕ್ಷೇಮ ಸಮಾಚಾರ ಆಮೇಲೆ. ಲಕೋಟೆ ಒಡೆದಾಗ ಮೊದಲು ಹಸಿರು ಕಾಗದ ಕೈಗೆ ಬಂದಿರಬೇಕು. ಅದನ್ನು ಸದ್ಯಕ್ಕೆ ಪಕ್ಕಕ್ಕಿಡು. ಇದನ್ನು ಪೂರ್ತಿ ಓದು, ಆಮೇಲೆ ಬೈಯುವುದಿದ್ದರೆ ಬೈಯಿ, ಬೇಡ ಎನ್ನುವುದಿಲ್ಲ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ನಿನ್ನ ಅಣ್ಣ ಪಕ್ಕದಲ್ಲಿ ನಿಂತು ಗೋಡೆ ನೋಡುತ್ತಾರೆ. ಮೂರು ಸಲ ಹಾಗೇ ಆಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದು ಯಾವ ಕಾಲವಾಯಿತೋ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೆ ಸಹಿಸಿಕೋ.

ಆ ಹಸಿರು ಕಾಗದದಲ್ಲಿ ಇರುವುದು ಇಷ್ಟು. ಮಾವನವರ ಎರಡೂ ಕೈಗಳಿಗೆ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ದಪ್ಪ ಬಟ್ಟೆಯ ಚೀಲ ತೊಡಿಸಿ, ಮಣಿಕಟ್ಟಿಗೆ ಪಟ್ಟಿ ಬಿಗಿಯಲು ಅವರ ಮಕ್ಕಳಿಬ್ಬರ ಒಪ್ಪಿಗೆ ಇದೆ ಎಂದು. ಊಟಕ್ಕೆ ಮತ್ತು ಸ್ನಾನಕ್ಕೆ ಬಿಚ್ಚುತ್ತಾರೆ. ಮೊದಲನೆಯ ಸಹಿ ನಿನ್ನ ಅಣ್ಣನದು, ಆಗಿದೆ. ಎರಡನೆಯದು ನಿನ್ನದು. ಸೊಸೆಯ ಸಹಿಗೆ ಅದರಲ್ಲಿ ಜಾಗವಿಲ್ಲ. ಮೂರು ವರ್ಷ ಅವರ ಉಗುರು ಕತ್ತರಿಸಿದವಳು, ಪಾಯಿಜಾಮದ ಲಾಡಿ ಕಟ್ಟಿದವಳು ನಾನು. ಆದರೂ ಜಾಗವಿಲ್ಲ. ಶನಿವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಕಾಗದ ಆರೈಕೆ ಕೇಂದ್ರದ ಮೇಲ್ವಿಚಾರಕಿಯ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನಾಳೆ ಸಂಜೆಗೆ ನಿನಗೆ ಸಿಗುತ್ತದೆ. ಅದರಲ್ಲೇ ವಾಪಸು ಕಳಿಸಿಬಿಡು.

ಹಾಗಂತ ಜಾಗ ಕೆಟ್ಟದ್ದಲ್ಲ. ಎರಡನೇ ಮಹಡಿಯ ಕೊನೆಯ ಕೋಣೆ, ಇಬ್ಬರಿಗೆ ಒಂದು. ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಇಬ್ಬರೂ ದಿನಾ ಬೆಳಗ್ಗೆ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾರೆ, ಸಂಜೆಯೊಳಗೆ ಜಗಳವಾಡುತ್ತಾರೆ, ಮರುದಿನ ಮತ್ತೆ ಪರಿಚಯ. ಅಲ್ಲಿ ಊಟ ಬಿಸಿಯಾಗಿರುತ್ತದೆ. ಹಾಸಿಗೆ ನಮ್ಮ ಮನೆಯದಕ್ಕಿಂತ ಶುಭ್ರವಾಗಿದೆ, ಒಪ್ಪಿಕೊಳ್ಳುತ್ತೇನೆ. ತೊಂದರೆ ಬಂದದ್ದು ಬಾಗಿಲುಗಳಿಂದ. ಮಾವನವರು ಅಲ್ಲಿ ಸೇರಿ ಇಪ್ಪತ್ತೆರಡು ದಿನವಾಯಿತು. ಅಷ್ಟರಲ್ಲಿ ಔಷಧಿ ಕೋಣೆಯ ಬಾಗಿಲು ಒಮ್ಮೆ, ತೋಟದ ಬಾಗಿಲು ಮೂರು ಸಲ ತೆರೆದುಬಿದ್ದಿತ್ತಂತೆ. ಮೂರನೆಯ ಸಲ ಕೆಳಗಿನ ಮಹಡಿಯ ಒಬ್ಬ ಅಜ್ಜಿ ಬರಿಗಾಲಲ್ಲಿ ಹೊರಗೆ ಹೋಗಿ, ಕಾರು ನಿಲ್ಲಿಸುವ ಜಾಗದಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಯಾರು ತೆಗೆದದ್ದು ಎಂದು ವಿಚಾರಣೆ ನಡೆಯಿತು. ಮಾವನವರನ್ನು ಕೇಳಿದರೆ, ನಾನಲ್ದೆ ಇನ್ಯಾರು ತೆಗೀತಾರೆ, ಈ ಊರಲ್ಲಿ ಇನ್ಯಾರಿಗೆ ಬರುತ್ತೆ ಅಂತ ಎದೆಯುಬ್ಬಿಸಿ ಹೇಳಿದರಂತೆ. ಮೇಲ್ವಿಚಾರಕಿ ಅದನ್ನು ಅವರ ಮಾತಿನಲ್ಲೇ ಬರೆದುಕೊಂಡಿದ್ದಾರೆ.

ಹೋದ ವಾರ ನೀನು ಹೇಳಿದ ಒಂದು ಮಾತು ನನ್ನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ. ಅತ್ತಿಗೆ, ನೀವು ಮನಸ್ಸು ಮಾಡಿದ್ದಿದ್ರೆ ಇನ್ನೊಂದು ವರ್ಷ ಮನೇಲೇ ನೋಡ್ಕೋಬಹುದಿತ್ತು ಅಂದೆ. ಅಲ್ಲ ಕಣೇ, ಮನಸ್ಸು ಅಂದರೆ ಏನೆಂದುಕೊಂಡಿದ್ದೀಯ? ಅದೇನು ನಲ್ಲಿಯೇ, ತಿರುಗಿಸಿದರೆ ಬರುವುದಕ್ಕೆ? ಮೂರು ವರ್ಷದಲ್ಲಿ ನೀನು ಬಂದದ್ದು ಎರಡು ಸಲ, ಸಲಕ್ಕೆ ಮೂರು ದಿನ. ನೀನು ಬಂದಾಗ ಅವರು ಮದುಮಗನ ಹಾಗೆ ತಲೆ ಬಾಚಿಕೊಂಡು ಕೂರುತ್ತಿದ್ದರು. ಅಪ್ಪ ಚೆನ್ನಾಗೇ ಇದ್ದಾರಲ್ಲ, ನೀವ್ಯಾಕೆ ಸುಮ್ನೆ ಗಾಬರಿ ಅಂತ ನೀನು ನನ್ನ ಬೆನ್ನು ತಟ್ಟಿ ಹೋಗುತ್ತಿದ್ದೆ. ನೀನು ಬೀದಿಯ ತಿರುವು ದಾಟುವ ಮೊದಲೇ ಅವರು ನನ್ನನ್ನು ನೋಡಿ, ಈ ಹೆಂಗಸು ಯಾರು, ನಮ್ಮ ಮನೇಲಿ ಇವಳಿಗೇನು ಕೆಲಸ ಎಂದು ಕೇಳುತ್ತಿದ್ದರು.

ಬಸ್ ಡಿಪೋದಲ್ಲಿ ನನ್ನ ಕೌಂಟರ್ ನಿನಗೆ ನೆನಪಿರಬಹುದು. ಜನ ಬಸ್ಸಿನಲ್ಲಿ ಮರೆತು ಹೋದ ಸಾಮಾನನ್ನೆಲ್ಲ ಚೀಟಿ ಅಂಟಿಸಿ ಇಟ್ಟುಕೊಂಡು, ಹುಡುಕಿಕೊಂಡು ಬಂದವರಿಗೆ ಕೊಡುವ ಕೆಲಸ. ಛತ್ರಿ, ಒಂಟಿ ಚಪ್ಪಲಿ, ಒಮ್ಮೆ ಹಲ್ಲಿನ ಸೆಟ್ಟು. ಹನ್ನೊಂದು ವರ್ಷ ಮಾಡಿದೆ. ಬೇಜಾರೆಂದರೆ ಏನೆಂದು ಗೊತ್ತಿರಲಿಲ್ಲ. ಮಾವನವರಿಗೆ ಮರೆವು ಶುರುವಾದಾಗ ಎರಡು ತಿಂಗಳ ಮಟ್ಟಿಗೆ ರಜೆ ಹಾಕಿ ಬಂದವಳು ಮತ್ತೆ ಹೋಗಲಿಲ್ಲ. ಬೀಗ-ಕೀಲಿಯ ಅಂಗಡಿ ಮುಚ್ಚಿದರೆ ಮನೆ ನಡೆಯುವುದಿಲ್ಲ, ಆದ್ದರಿಂದ ನಿನ್ನ ಅಣ್ಣ ಅಂಗಡಿಗೆ, ನಾನು ಮನೆಗೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಒಂದು ದಿನ ನೋಡಿದರೆ ಹಾಗಾಗಿತ್ತು.

ಬೇರೆಯವರ ಮನೆಯಲ್ಲಿ ಮರೆವಿನ ಮುದುಕರು ಹೊರಗೆ ಹೋಗದಂತೆ ಒಂದು ಬೀಗ ಹಾಕಿ ನೆಮ್ಮದಿಯಾಗಿ ಅಡುಗೆ ಮಾಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆ ಭಾಗ್ಯವೂ ಇರಲಿಲ್ಲ. ಐವತ್ತು ವರ್ಷ ಬೀಗ ರಿಪೇರಿ ಮಾಡಿದವರನ್ನು ಬೀಗ ಹಾಕಿ ಕೂರಿಸುವುದೆಂದರೆ ಮೀನನ್ನು ನೀರಿನಲ್ಲಿ ಮುಳುಗಿಸಿದ ಹಾಗೆ. ಮಗಳ ಹೆಸರು ಮರೆತರು, ಊಟ ಮಾಡಿದ್ದು ಮರೆತರು, ಅತ್ತೆಯವರು ತೀರಿಕೊಂಡದ್ದನ್ನು ಮರೆತು ನಾಲ್ಕು ಸಲ ಹೊಸದಾಗಿ ಅತ್ತರು. ಬೀಗ ಮಾತ್ರ ಮರೆಯಲಿಲ್ಲ. ನಿನ್ನ ಅಣ್ಣ ಒಳಗಿನ ಚಿಲಕಕ್ಕೆ ಮೊದಲು ಸಣ್ಣ ಬೀಗ ಹಾಕಿದರು, ಅದು ಅರ್ಧ ನಿಮಿಷ. ದೊಡ್ಡದು ತಂದರು, ಎರಡು ನಿಮಿಷ. ನಂಬರ್ ತಿರುಗಿಸುವ ಬೀಗ ತಂದರೆ ಕಿವಿ ಹಚ್ಚಿ ಕೇಳಿ ತೆಗೆದರು. ಕೊಕ್ಕೆ ತಂತಿಗಳನ್ನೆಲ್ಲ ಬಚ್ಚಿಟ್ಟರೆ ನನ್ನ ಹೇರ್‌ಪಿನ್ ಮಾಯವಾಗುತ್ತಿತ್ತು. ತೆಗೆದ ಬೀಗವನ್ನು ಮೇಜಿನ ಮೇಲಿಟ್ಟು, ಯಾವನೋ ದಡ್ಡ ಹಾಕಿದ್ದಾನೆ ನೋಡಮ್ಮ ಅನ್ನುತ್ತಿದ್ದರು. ಆ ದಡ್ಡ ಪಕ್ಕದಲ್ಲೇ ನಿಂತಿರುತ್ತಿದ್ದರು.

ನಿನ್ನ ಅಣ್ಣನ ಕಥೆ ಇನ್ನೊಂದು. ಬಾಗಿಲು ತೆರೆದದ್ದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕೂರುವವರೂ ಅವರೇ, ಮರುದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ನಮ್ಮಪ್ಪ ಈ ವಯಸ್ಸಲ್ಲೂ ಐದು ಲಿವರಿನ ಬೀಗ ತೆಗೆದ್ರು ಕಣ್ರೀ ಎಂದು ಹೇಳಿಕೊಳ್ಳುವವರೂ ಅವರೇ. ಅವರಿಗೆ ಯಂತ್ರದಲ್ಲಿ ಕೀಲಿ ಕೊರೆಯಲು ಬರುತ್ತದೆ, ತಂತಿಯಲ್ಲಿ ಬೀಗ ತೆಗೆಯಲು ಬರುವುದಿಲ್ಲ. ಅದು ಅಪ್ಪನಿಂದ ಕಲಿಯದೇ ಉಳಿದದ್ದು ಎನ್ನುವ ಕೊರಗು ಅವರಿಗೆ ಇದ್ದೇ ಇದೆ. ಅಪ್ಪನ ತಲೆ ಹೋದರೂ ಕೈ ಉಳಿದಿದೆ ಎನ್ನುವುದೇ ಅವರಿಗಿದ್ದ ಸಮಾಧಾನ.

ನನಗೆ ಯಾವ ಸಮಾಧಾನವೂ ಇರಲಿಲ್ಲ, ಮುಚ್ಚಿಡುವುದಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲು ಅರ್ಧ ತೆರೆದಿಟ್ಟು ಕಿವಿ ಹೊರಗಿಟ್ಟುಕೊಂಡು ಸ್ನಾನ. ಅವರು ಮಧ್ಯಾಹ್ನ ಕಣ್ಣು ಮುಚ್ಚಿದರೂ ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಅವರನ್ನು ಒಳಗಿಡಲು ಹಾಕಿದ ಬೀಗದ ಒಳಗೆ ನಾನೂ ಇದ್ದೆ. ಅವರಿಗಾದರೂ ತೆಗೆಯಲು ಬರುತ್ತಿತ್ತು. ನನ್ನ ಕೊರಳಲ್ಲಿ ಕೀಲಿ ನೇತಾಡುತ್ತಿತ್ತು, ಆದರೂ ನಾನು ಎಲ್ಲಿಗೆ ಹೋಗಬೇಕು? ಪಕ್ಕದ ಮನೆಯಾಕೆ ಸತ್ತಾಗಲೂ ಕಿಟಕಿಯಿಂದಲೇ ನೋಡಿದೆ. ಒಂದೊಂದು ದಿನ ನಿನ್ನ ಅಣ್ಣ ಮನೆಗೆ ಬಂದು ಚಪ್ಪಲಿ ಬಿಡುವ ಸದ್ದಿಗೇ ನನಗೆ ಸಿಟ್ಟು ಬರುತ್ತಿತ್ತು, ಹೊರಗಿನಿಂದ ಬಂದರಲ್ಲ ಎಂದು.

ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಹೇಗೂ ತೆಗೆಯುತ್ತಾರೆ, ತೆಗೆಯಲಿ, ಆದರೆ ನಾನು ನೋಡುತ್ತಿರುವಾಗ ತೆಗೆಯಲಿ ಎಂದು. ದಿನಾ ನಾಲ್ಕು ಗಂಟೆಗೆ ಅವರ ಕೈಗೆ ಕೊಕ್ಕೆ ತಂತಿ ಕೊಟ್ಟು, ಬಾಗಿಲ ಹತ್ತಿರ ಸ್ಟೂಲು ಹಾಕಿ ಕೂರಿಸುತ್ತಿದ್ದೆ. ಬೀಗ ಬಿಚ್ಚಿಕೊಂಡ ಕೂಡಲೇ ಅವರ ಮುಖ ನೋಡಬೇಕಿತ್ತು. ಆಮೇಲೆ ಇಬ್ಬರೂ ಮೂಲೆಯ ಚಪ್ಪಲಿ ರಿಪೇರಿಯವನವರೆಗೆ ನಡೆದು, ಅವನ ಹತ್ತಿರ ಎರಡು ಮಾತಾಡಿ ವಾಪಸು. ಒಂದು ಸುತ್ತು ಹೋಗಿ ಬಂದರೆ ಅವರು ರಾತ್ರಿಯವರೆಗೂ ಬಾಗಿಲ ತಂಟೆಗೆ ಹೋಗುತ್ತಿರಲಿಲ್ಲ. ದಿನದಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಗಾಳಿ ಸಿಗುತ್ತಿದ್ದದ್ದು ಆಗ ಮಾತ್ರ.

ಆ ಗುರುವಾರದ ವಿಷಯ ನಿನಗೆ ಫೋನಿನಲ್ಲಿ ಅರ್ಧಂಬರ್ಧ ಗೊತ್ತು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಐದೇ ನಿಮಿಷ, ಅಷ್ಟರಲ್ಲಿ ಅವರು ಬೀಗ ತೆಗೆದು ಹೋಗಿಬಿಟ್ಟಿದ್ದರು. ಎರಡೂವರೆ ಗಂಟೆ ಹುಡುಕಿದೆವು. ಐದು ಬೀದಿ ಆಚೆ ಯಾರದೋ ಮನೆಯ ಬಾಗಿಲ ಮುಂದೆ ಕೂತು, ಇದು ತಮ್ಮದೇ ಮನೆ ಎಂದುಕೊಂಡು ಬೀಗಕ್ಕೆ ತಂತಿ ಹಾಕಿ ಕೆರೆಯುತ್ತಿದ್ದರಂತೆ. ಮನೆಯವನು ಕಳ್ಳ ಎಂದು ಕೊರಳಪಟ್ಟಿ ಹಿಡಿದು ಎಳೆದ. ಮೆಟ್ಟಿಲ ಮೇಲೆ ಬಿದ್ದು ಹುಬ್ಬಿನ ಮೇಲೆ ಮೂರು ಹೊಲಿಗೆ. ನಾವು ಹೋದಾಗ ಸುತ್ತ ಹತ್ತು ಹದಿನೈದು ಜನ ನಿಂತಿದ್ದರು. ಮಾವನವರು ರಕ್ತ ಒರೆಸಿಕೊಳ್ಳುತ್ತ, ನನ್ನ ಮನೆಗೆ ನಾನು ಹೋಗೋಕೆ ಇವನನ್ನ ಕೇಳ್ಬೇಕಾ ಅಂತ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಆ ಬಾಗಿಲಿಗೆ ಬೀಗ ಕೂರಿಸಿದವರೂ ಅವರೇ ಎಂದು ನಿನ್ನ ಅಣ್ಣ ಗುರುತು ಹಿಡಿದರು. ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟರು.

ಆಸ್ಪತ್ರೆಯ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಇವರು ಮನೆಯಲ್ಲಿದ್ದರೆ ಜೀವಕ್ಕೆ ಅಪಾಯ, ಬೀಗ ತೆಗೆದು ಹೊರಹೋಗುತ್ತಾರೆ ಎಂದು. ಆ ಒಂದು ಸಾಲಿಗೆ ಕೇಂದ್ರದವರು ಕಾಯುವವರ ಪಟ್ಟಿಯಲ್ಲಿ ನಮ್ಮನ್ನು ಮುಂದಕ್ಕೆ ತಂದರು. ಇಲ್ಲದಿದ್ದರೆ ಎರಡು ವರ್ಷ ಕಾಯಬೇಕಿತ್ತು. ನಮಗೆ ಒಂಬತ್ತು ದಿನದಲ್ಲಿ ಮಂಚ ಸಿಕ್ಕಿತು. ಸೇರಿಸುವ ದಿನ ಅರ್ಜಿಯಲ್ಲಿ ವಿಶೇಷ ಅಭ್ಯಾಸಗಳು ಎಂಬ ಜಾಗವಿತ್ತು. ನಿನ್ನ ಅಣ್ಣ ಅಲ್ಲಿ ದಪ್ಪ ಅಕ್ಷರದಲ್ಲಿ, ಅಪ್ಪ ತೆಗೆಯಲಾರದ ಬೀಗವಿಲ್ಲ ಎಂದು ಬರೆದರು. ಅಪ್ಪನನ್ನು ಬಿಟ್ಟು ಬರುವ ದುಃಖದಲ್ಲೂ ಅಷ್ಟು ಜಂಬ. ನಾನು ಪಕ್ಕದಲ್ಲೇ ಕೂತಿದ್ದೆ. ಬೇಡ ಎನ್ನಲಿಲ್ಲ.

ಕೈಚೀಲವನ್ನು ಮೇಲ್ವಿಚಾರಕಿ ನಿನ್ನೆ ನಮಗೆ ತೋರಿಸಿದರು. ಒಳಗೆ ಹತ್ತಿ ತುಂಬಿದ್ದಾರೆ, ಒಂಚೂರೂ ನೋವಾಗಲ್ಲ ಎಂದರು. ನಾನು ಒಂದಕ್ಕೆ ಕೈ ಹಾಕಿ ನೋಡಿದೆ. ನೋವೇನೂ ಆಗಲಿಲ್ಲ. ಮೂಗು ತುರಿಸಿತು. ತುರಿಸಿಕೊಳ್ಳಲು ಆಗದೆ ನಿನ್ನ ಅಣ್ಣನ ಭುಜಕ್ಕೆ ಮೂಗು ಉಜ್ಜಿದೆ. ಅವರು ನಕ್ಕರು, ಆಮೇಲೆ ಸಹಿ ಹಾಕಿದರು. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ತಮ್ಮ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು.

ಗುಬ್ಬಿ, ನಿನ್ನ ಸಂಕಟ ನನಗೆ ಗೊತ್ತು. ಆ ಕೈ ಹಿಡಿದುಕೊಂಡೇ ನೀನು ನಡೆಯಲು ಕಲಿತದ್ದು. ಆದರೂ ಸಹಿ ಹಾಕು. ಆ ಅಜ್ಜಿಯ ಸೊಂಟ ಮುರಿದದ್ದನ್ನು ನೆನೆಸಿಕೋ. ಈ ಇಪ್ಪತ್ತೆರಡು ದಿನದಲ್ಲಿ ನಾನು ಎರಡು ಸಲ ಒಬ್ಬಳೇ ಮಾರುಕಟ್ಟೆಗೆ ಹೋಗಿ ಬಂದೆ. ಸುಮ್ಮನೆ, ಏನೂ ಕೊಳ್ಳದೆ. ಡಿಪೋದಿಂದ ಮೊನ್ನೆ ಫೋನ್ ಬಂದಿತ್ತು, ಮುಂದಿನ ತಿಂಗಳು ಆ ಕೌಂಟರ್ ಖಾಲಿಯಾಗುತ್ತಂತೆ, ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದುಬಿಟ್ಟೆ. ನಿನ್ನ ಅಣ್ಣನಿಗೆ ಇನ್ನೂ ಹೇಳಿಲ್ಲ. ಮಾವನವರು ಮನೆಗೆ ವಾಪಸು ಬಂದರೆ ನಾನು ಮತ್ತೆ ಆ ಬಾಗಿಲ ಹಿಂದೆ ಹೇಗೆ ಕೂರಲಿ ಎಂದು ನನಗೆ ತಿಳಿಯುತ್ತಿಲ್ಲ. ನನ್ನಿಂದ ಆಗುವುದಿಲ್ಲ ಕಣೇ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ನಿನ್ನ ಯಜಮಾನರಿಗೆ ಕೇಳಿದೆನೆಂದು ಹೇಳು. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಒಂದು ಫೋಟೋ ಕಳಿಸು, ತಾತನ ಮಂಚದ ಪಕ್ಕ ಅಂಟಿಸುತ್ತೇನೆ. ಮೇಷ್ಟ್ರಿಗೂ ನೋಡಲು ಏನಾದರೂ ಬೇಕು.

ಇಂತಿ,
ನಿನ್ನ ಕೋಪಕ್ಕೂ ಪ್ರೀತಿಗೂ ಒಗ್ಗಿಹೋಗಿರುವ
ಅತ್ತಿಗೆ

ತಾ.ಕ.: ಅಂಟು ಹಚ್ಚುವ ಮೊದಲು ಒಮ್ಮೆ ಓದಿದೆ. ಬರೆದದ್ದೆಲ್ಲ ನಿಜ, ಗುರುವಾರ ಬಟ್ಟೆ ಒಗೆಯುತ್ತಿದ್ದೆ ಎಂಬ ಸಾಲೊಂದನ್ನು ಬಿಟ್ಟು. ಅಂದು ಒಗೆಯುವ ಬಟ್ಟೆ ಇರಲಿಲ್ಲ.

ಮಾವನವರ ಕೈ ನಿಂತುಹೋಗಿ ಐದು ತಿಂಗಳಾಯಿತು. ಒಂದು ದಿನ ನಾಲ್ಕು ಗಂಟೆಗೆ ಕೂತವರು ಐದಾದರೂ ಬೀಗ ತೆಗೆಯಲಾಗಲಿಲ್ಲ. ಬೆರಳು ನಡುಗುತ್ತಿತ್ತು, ತಂತಿ ಎರಡು ಸಲ ಬಿತ್ತು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ಅಮ್ಮಾ, ಈ ಬೀದೀಲಿ ಬೀಗ ತೆಗೆಯೋರು ಒಬ್ರು ಇದ್ರಲ್ಲ, ಒಳ್ಳೇ ಕೆಲಸಗಾರರು, ಅವರನ್ನ ಸ್ವಲ್ಪ ಕರೆಸ್ತೀರಾ ಎಂದು ಕೇಳಿದರು. ನಾಳೆ ಬರ್ತಾರಂತೆ ಎಂದೆ. ಮರುದಿನದಿಂದ ನಾಲ್ಕಕ್ಕೆ ಮೊದಲೇ ನಾನು ಬೀಗ ತೆಗೆದು, ಒತ್ತದೆ, ಮುಚ್ಚಿದಂತೆ ಕಾಣುವ ಹಾಗೆ ಕೂರಿಸಿಡುತ್ತಿದ್ದೆ. ಅವರ ತಂತಿ ತಗುಲಿದರೆ ಸಾಕು ಬಿಚ್ಚಿಕೊಳ್ಳುತ್ತಿತ್ತು. ಅದೇ ಮುಖ, ಅದೇ ಖುಷಿ. ನಿನ್ನ ಅಣ್ಣನಿಗೂ ದಿನಾ ಸಂಜೆ, ಇವತ್ತೂ ತೆಗೆದರು ಎಂದು ಹೇಳುತ್ತಿದ್ದೆ. ಅವರ ಮುಖವೂ ಅರಳುತ್ತಿತ್ತು.

ಆ ಗುರುವಾರವೂ ಹಾಗೇ ಬೀಗ ಕೂರಿಸಿಟ್ಟೆ. ಆದರೆ ಅವರ ಜೊತೆ ಏಳಲಿಲ್ಲ. ಅಡುಗೆಮನೆಯಲ್ಲಿ ಲೋಟದ ತುಂಬ ಚಹಾ ಇತ್ತು. ಬೀಗ ಬಿಚ್ಚಿಕೊಂಡ ಸದ್ದು ಕೇಳಿತು, ಬಾಗಿಲ ಸದ್ದು ಕೇಳಿತು, ಬನ್ನೀಮ್ಮ ಹೋಗೋಣ ಎಂದು ಅವರು ಒಂದು ಸಲ ಕರೆದದ್ದೂ ಕೇಳಿತು. ನಾನು ಕೂತಲ್ಲೇ ಕೂತು ಚಹಾ ಕುಡಿದೆ. ಪೂರ್ತಿ ಕುಡಿದೆ. ಲೋಟ ತೊಳೆದಿಟ್ಟೆ. ಆಮೇಲೆ ನಿನ್ನ ಅಣ್ಣನಿಗೆ ಫೋನ್ ಮಾಡಿದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನೀನು ಕೇಳಬೇಡ, ನನಗೂ ಕೇಳಿಕೊಳ್ಳುವ ಧೈರ್ಯವಿಲ್ಲ.

ಕೇಂದ್ರದ ಬಾಗಿಲುಗಳನ್ನು ಅವರು ತೆಗೆದಿಲ್ಲ, ತೆಗೆಯಲಾರರು. ಅಲ್ಲಿನ ಕೆಲಸದವರು ಬೀಡಿ ಸೇದಲು ಹೋಗುವಾಗ ತೋಟದ ಬಾಗಿಲಿಗೆ ಇಟ್ಟಿಗೆ ಒತ್ತಿಟ್ಟು ಹೋಗುವುದನ್ನು ನಾನು ಕಣ್ಣಾರೆ ಎರಡು ಸಲ ನೋಡಿದ್ದೇನೆ. ಬಾಯಿ ಬಿಡಲಿಲ್ಲ. ಬಿಟ್ಟರೆ, ಮತ್ತೆ ಮನೆಯಲ್ಲಿ ಹೇಗೆ ತೆಗೆದರು ಎಂದು ಕೇಳುತ್ತಾರಲ್ಲ. ಡಾಕ್ಟರ ಚೀಟಿ ಸುಳ್ಳಾದರೆ ಮಂಚವೂ ಹೋಗುತ್ತದಲ್ಲ.

ಸಹಿ ಹಾಕಬೇಡ. ಕಾಗದ ಹರಿದುಹಾಕು. ಶನಿವಾರ ಮೇಲ್ವಿಚಾರಕಿಯ ಮುಂದೆ ನಾನೇ ನಿಂತು ಹೇಳುತ್ತೇನೆ, ಕರೆದುಕೊಂಡು ಹೋಗಿ ಎಂದರೆ ಕರೆದುಕೊಂಡು ಬರುತ್ತೇನೆ. ನಾನು ಮಾಡಿದ್ದನ್ನು ನಿನ್ನ ಅಣ್ಣನಿಗೂ ನಾನೇ ಹೇಳುತ್ತೇನೆ, ಅದಕ್ಕೆ ಏನಾಗುತ್ತದೋ ಆಗಲಿ. ಆದರೆ ಅಪ್ಪನಿಗೆ ಈಗ ಬೀಗ ತೆಗೆಯಲು ಬರುವುದಿಲ್ಲ ಎಂದು ಅವರಿಗೆ ಹೇಳಲು ನನ್ನಿಂದಾಗದು. ಅದನ್ನು ಹೇಳಲು ನೀನು ಬಾ.